ಹಾಸನದಿಂದ ಲಾಲ್‌ಬಾಗ್‌ಗೆ: ಬೆಳಗಿನ ಬಸ್ಸಿನಿಂದ ಸಂಜೆಯ ಬಸ್ಸಿನವರೆಗೆ

ಹಾಸನದವರು ಬೆಂಗಳೂರಿಗೆ ಹೋಗುವುದು ಆಸ್ಪತ್ರೆಗೆ, ಮದುವೆಗೆ, ಮಕ್ಕಳ ಕಾಲೇಜು ಸೀಟಿಗೆ, ಇಲ್ಲವೇ ಅಲ್ಲಿ ಕೆಲಸದಲ್ಲಿರುವ ಮಗನ ಮನೆಗೆ. ಲಾಲ್‌ಬಾಗ್ ಈ ಕೆಲಸಗಳ ಬಾಲಂಗೋಚಿ. ಸಂಜೆ ಬಸ್ಸಿಗೆ ಇನ್ನೂ ಹೊತ್ತಿದೆ, ಒಂದು ಸುತ್ತು ಹಾಕಿ ಬರೋಣ ಎಂದು ಹೊರಡುತ್ತಾರೆ. ಗಾಜಿನ ಮನೆಯ ಮುಂದೆ ಒಂದು ಫೋಟೊ, ಹೂವಿನ ಗಡಿಯಾರದ ಮುಂದೆ ಇನ್ನೊಂದು, ಅಲ್ಲಿಗೆ ಮುಗಿಯಿತು. ನಮ್ಮ ಮಹಾರಾಜ ಪಾರ್ಕನ್ನು ಅರ್ಧ ಗಂಟೆಯಲ್ಲಿ ಸುತ್ತಿ, ಒಳಗಿನ ವಸ್ತು ಸಂಗ್ರಹಾಲಯವನ್ನೂ ಇಣುಕಿ ನೋಡಿ ಬರುವ ಅಭ್ಯಾಸದವರಿಗೆ 240 ಎಕರೆಯ ತೋಟ ಅಷ್ಟು ಹೊತ್ತಿನಲ್ಲಿ ದಕ್ಕುವುದಿಲ್ಲ.

ಇದು ಲಾಲ್‌ಬಾಗ್‌ಗೆಂದೇ ಒಂದು ದಿನ ತೆಗೆದಿಡುವವರಿಗೆ ಬರೆದದ್ದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹಾಸನ, ಚಿಕ್ಕಮಗಳೂರು ಕಡೆಯವರು ಅಲ್ಲಿ ನೋಡಬೇಕಾದದ್ದು ಮರ ಮತ್ತು ಬಂಡೆ. ಹೂವು ಆಮೇಲಿನ ಮಾತು.

ಮೊದಲು ದಿನ ಗೊತ್ತುಮಾಡಿಕೊಳ್ಳಿ

ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಆಸುಪಾಸಿನಲ್ಲಿ, ವರ್ಷಕ್ಕೆರಡು ಬಾರಿ, ಅಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ತೋಟಗಾರಿಕೆ ಇಲಾಖೆ ಮತ್ತು 1912ರಲ್ಲಿ ಹುಟ್ಟಿದ ಮೈಸೂರು ಉದ್ಯಾನಕಲಾ ಸಂಘ ಸೇರಿ ನಡೆಸುವ ಪ್ರದರ್ಶನ ಇದು. ಗಾಜಿನ ಮನೆಯೊಳಗೆ ಲಕ್ಷಾಂತರ ಹೂವುಗಳಲ್ಲಿ ಕಟ್ಟಿದ ಗುಡಿಯೋ ಗೋಪುರವೋ ನಿಂತಿರುತ್ತದೆ. ಚೆಂದವೇ, ಅಲ್ಲವೆನ್ನುವುದಿಲ್ಲ. ಆದರೆ ರಜೆಯ ದಿನ ಹೋದರೆ ಕಾಣುವುದು ಮುಂದಿನವರ ಬೆನ್ನು ಮತ್ತು ಎತ್ತಿ ಹಿಡಿದ ಮೊಬೈಲ್‌ಗಳು. ಸಾಲಿನಲ್ಲಿ ತಳ್ಳಿಸಿಕೊಂಡು ಒಳಹೋಗಿ, ತಳ್ಳಿಸಿಕೊಂಡೇ ಹೊರಬರುತ್ತೀರಿ. ಪ್ರದರ್ಶನವನ್ನೇ ನೋಡಬೇಕೆಂಬ ಹಟವಿದ್ದರೆ ವಾರದ ನಡುವಿನ ದಿನ, ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ. ಪ್ರದರ್ಶನದ ದಿನಗಳಲ್ಲಿ ಟಿಕೆಟ್ ದರವೂ ಮಾಮೂಲಿ ದಿನಕ್ಕಿಂತ ಹೆಚ್ಚಿರುತ್ತದೆ. ಕಾರು ತರುವ ಯೋಚನೆಯನ್ನಂತೂ ಬಿಟ್ಟುಬಿಡಿ.

ಮರ ನೋಡುವವರಿಗೆ ಫೆಬ್ರುವರಿಯಿಂದ ಮೇ ಒಳ್ಳೆಯ ಕಾಲ. ಫೆಬ್ರುವರಿ, ಮಾರ್ಚ್‌ನಲ್ಲಿ ಹಳದಿ ಟಬೂಬಿಯಾ ಎಲೆಯನ್ನೆಲ್ಲ ಕಳಚಿ ಬರಿಯ ಹೂವಾಗಿ ನಿಲ್ಲುತ್ತದೆ. ಅದರ ಜೊತೆಗೇ ಜಕರಂಡಾದ ನೀಲಿ. ಏಪ್ರಿಲ್, ಮೇ ಗುಲ್‌ಮೊಹರ್‌ನದು. ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದರದು ಶುರುವಾಗುವ ಈ ಸರದಿ ತಾನಾಗಿ ಬಂದದ್ದಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ತೋಟಗಾರ ಗುಸ್ತಾವ್ ಹರ್ಮನ್ ಕ್ರುಂಬಿಗಲ್, ಬೆಂಗಳೂರಿನಲ್ಲಿ ವರ್ಷದ ಯಾವ ತಿಂಗಳೂ ಹೂವಿಲ್ಲದೆ ಇರಬಾರದೆಂದು ಲೆಕ್ಕ ಹಾಕಿ ಮರಗಳನ್ನು ನೆಡಿಸಿದರು. ಕನ್ನಂಬಾಡಿಯ ಬೃಂದಾವನದಲ್ಲೂ ಅವರ ಕೈವಾಡ ಇದೆ. 1956ರಲ್ಲಿ ಅವರು ತೀರಿಕೊಂಡದ್ದೂ ಬೆಂಗಳೂರಿನಲ್ಲೇ.

ಮಳೆಗಾಲದಲ್ಲಿ ಹೋಗಬಾರದೆಂದೇನಿಲ್ಲ. ಸಕಲೇಶಪುರದ ಮಳೆ ಕಂಡವರಿಗೆ ಬೆಂಗಳೂರಿನ ಮಳೆ ಲೆಕ್ಕಕ್ಕಿಲ್ಲ. ಕೊಡೆಯೊಂದು ಸಾಕು.

ಹೋಗುವ ದಾರಿ: ಮೆಜೆಸ್ಟಿಕ್‌ವರೆಗೆ ಕೂರಬೇಡಿ

ಹಾಸನದಿಂದ ಬೆಂಗಳೂರಿಗೆ ಹೋಗುವ ಬಸ್ಸು ಚನ್ನರಾಯಪಟ್ಟಣ, ಕುಣಿಗಲ್ ದಾಟಿ ನೆಲಮಂಗಲದಲ್ಲಿ ತುಮಕೂರು ರಸ್ತೆಯನ್ನು ಸೇರುತ್ತದೆ. ಅಲ್ಲಿಯವರೆಗೆ ಸರಾಗ. ಅಲ್ಲಿಂದ ಮುಂದೆ ಮೆಜೆಸ್ಟಿಕ್ ತಲುಪುವಷ್ಟರಲ್ಲಿ ಅರ್ಧ ಉತ್ಸಾಹ ಬಸ್ಸಿನ ಸೀಟಿನಲ್ಲೇ ಕರಗಿಹೋಗುತ್ತದೆ. ಆದ್ದರಿಂದ ಹತ್ತುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ: ಬಸ್ಸು ಮೇಲ್ಸೇತುವೆಯಲ್ಲಿ ಹೋಗುತ್ತದೆಯೋ ಕೆಳಗಿನ ರಸ್ತೆಯಲ್ಲೋ? ಮೇಲ್ಸೇತುವೆಯದಾದರೆ ಗೊರಗುಂಟೆಪಾಳ್ಯದಲ್ಲಿ ಇಳಿಯಿರಿ. ಕೆಳಗಿನ ರಸ್ತೆಯದಾದರೆ ದಾಸರಹಳ್ಳಿ ಅಥವಾ ಜಾಲಹಳ್ಳಿ ಕ್ರಾಸ್‌ನಲ್ಲೂ ಇಳಿಯಬಹುದು. ಮೂರೂ ಕಡೆ ಹಸಿರು ಮಾರ್ಗದ ಮೆಟ್ರೊ ನಿಲ್ದಾಣ ರಸ್ತೆಯ ಮೇಲೆಯೇ ಇದೆ. ಎಲ್ಲಿಯೂ ಬದಲಿಸುವ ತಾಪತ್ರಯವಿಲ್ಲ, ಅದೇ ರೈಲು ನೇರವಾಗಿ ಲಾಲ್‌ಬಾಗ್ ನಿಲ್ದಾಣಕ್ಕೆ ಒಯ್ಯುತ್ತದೆ. ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಆಮೇಲೆ ಲಾಲ್‌ಬಾಗ್.

ರೈಲನ್ನು ಇಷ್ಟಪಡುವವರಿಗೆ 2017ರಲ್ಲಿ ಶುರುವಾದ ಶ್ರವಣಬೆಳಗೊಳ, ಕುಣಿಗಲ್ ಮೂಲಕದ ಮಾರ್ಗವಿದೆ. ಯಶವಂತಪುರದಲ್ಲಿ ಇಳಿದರೆ ಅಲ್ಲಿಯೂ ಅದೇ ಹಸಿರು ಮಾರ್ಗ. ಚಿಕ್ಕಮಗಳೂರಿನವರು ಕಡೂರು, ಅರಸೀಕೆರೆ, ತುಮಕೂರು ಹಾದು ಯಶವಂತಪುರಕ್ಕೆ ಬರುವ ರೈಲು ಹಿಡಿಯಬಹುದು, ಆದರೆ ಅದರ ವೇಳೆ ಒಂದೇ ದಿನದಲ್ಲಿ ಹೋಗಿಬರಲು ಒಗ್ಗುತ್ತದೆಯೇ ಎಂದು ನೋಡಿಕೊಂಡು ಹೊರಡಿ. ಬಸ್ಸಾದರೆ ಬೇಲೂರು, ಹಾಸನದ ಮೂಲಕವೇ ಬರುವುದರಿಂದ ಮೇಲೆ ಹೇಳಿದ್ದೆಲ್ಲ ನಿಮಗೂ ಸರಿಹೋಗುತ್ತದೆ.

ಹಾಸನವನ್ನು ಐದು ಗಂಟೆಗೆಲ್ಲ ಬಿಟ್ಟರೆ ಬಿಸಿಲೇರುವ ಮೊದಲು ತೋಟದೊಳಗಿರುತ್ತೀರಿ. ಬೆಂಗಳೂರಿನಲ್ಲಿ ನೆಂಟರ ಮನೆಯಿದ್ದರೆ (ಹಾಸನದಲ್ಲಿ ಯಾರಿಗಿಲ್ಲ?) ಹಿಂದಿನ ರಾತ್ರಿಯೇ ಹೋಗಿ ಉಳಿಯುವುದು ಇನ್ನೂ ಮೇಲು. ತೋಟದ ಬಾಗಿಲು ಬೆಳಿಗ್ಗೆ 6ಕ್ಕೆ ತೆರೆಯುತ್ತದೆ, ಸಂಜೆ 7ಕ್ಕೆ ಮುಚ್ಚುತ್ತದೆ.

ಕೈಚೀಲದಲ್ಲಿ ಏನಿರಬೇಕು

ಸ್ಟೀಲ್ ಬಾಟಲಿಯಲ್ಲಿ ನೀರು, ಟೋಪಿ, ನಡೆಯಲು ಹಿತವಾದ ಚಪ್ಪಲಿ ಅಥವಾ ಬೂಟು. ಒಳಗೆ ಪ್ಲಾಸ್ಟಿಕ್ ನಿಷೇಧವಿದೆ, ಗೇಟಿನಲ್ಲಿ ಚೀಲ ನೋಡಿದರೆ ಮುಖ ಗಂಟಿಕ್ಕಬೇಡಿ. ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೋಗಿ ಹುಲ್ಲಿನ ಮೇಲೆ ಹರಡಿಕೊಂಡು ಕೂರುವ ಆಸೆಯನ್ನು ಮನೆಯಲ್ಲೇ ಬಿಟ್ಟುಹೋಗುವುದು ಕ್ಷೇಮ. ಶೌಚಾಲಯದ ಕೆಲಸವನ್ನು ಮೆಟ್ರೊ ನಿಲ್ದಾಣದಲ್ಲೇ ಮುಗಿಸಿಕೊಳ್ಳಿ. ವಯಸ್ಸಾದವರು ಜೊತೆಗಿದ್ದರೆ ಒಳಗೆ ಬ್ಯಾಟರಿ ಗಾಡಿಗಳು ಓಡಾಡುತ್ತವೆ, ಟಿಕೆಟ್ ಪಡೆದು ಕೂರಿಸಬಹುದು. ಗಾಡಿಯಲ್ಲಿ ತೋಟದ ಸುತ್ತು ಸಿಗುತ್ತದೆ, ಮರದ ಬುಡ ಸಿಗುವುದಿಲ್ಲ. ಹಾಗಾಗಿ ಅಜ್ಜಿಯನ್ನು ಗಾಡಿಗೆ ಹತ್ತಿಸಿ ನೀವು ನಡೆಯಿರಿ.

ಒಳಗೆ ಹೋದ ಮೇಲೆ: ಬಂಡೆಗೆ ನೇರ ನಡೆಯಿರಿ

ಮೆಟ್ರೊದಿಂದ ಹತ್ತಿರವಾಗುವುದು ಪಶ್ಚಿಮದ ಬಾಗಿಲು. ಬಂಡೆ ಇರುವುದು ತೋಟದ ಆಚೆ ಬದಿಗೆ, ಡಬಲ್ ರೋಡ್ ಕಡೆಯ ಬಾಗಿಲಿನ ಹತ್ತಿರ. ದಾರಿಯಲ್ಲಿ ಕಾಣುವುದಕ್ಕೆಲ್ಲ ನಿಲ್ಲದೆ ಮೊದಲು ತೋಟವನ್ನು ಅಡ್ಡ ಹಾಯ್ದು ಬಂಡೆಗೆ ಹೋಗಿ. ಕಾರಣ ಸರಳ: ಅದು ನೆರಳಿಲ್ಲದ ಬೋಳು ಕಲ್ಲು. ಹನ್ನೊಂದರ ನಂತರ ಕಾಲಿಡಲಾಗದಷ್ಟು ಕಾಯುತ್ತದೆ. ಮರಗಳ ನೆರಳು ಮಧ್ಯಾಹ್ನಕ್ಕೂ ಇರುತ್ತದೆ, ಅವು ನಿಮಗಾಗಿ ಕಾದಿರುತ್ತವೆ.

ಹೆಚ್ಚಿನವರು ಬಂಡೆ ಹತ್ತುವುದು ನೆತ್ತಿಯ ಮೇಲಿನ ಕೆಂಪೇಗೌಡ ಗೋಪುರಕ್ಕಾಗಿ. ಕೆಂಪೇಗೌಡರ ಕಾಲದ ನಾಲ್ಕು ಗಡಿ ಗೋಪುರಗಳಲ್ಲಿ ಇದೊಂದು. ಉಳಿದವು ಕೆಂಪಾಂಬುಧಿ ಕೆರೆ, ಹಲಸೂರು ಕೆರೆ ಮತ್ತು ಮೇಖ್ರಿ ವೃತ್ತದ ಬಳಿ ಇವೆ. ಊರು ಇಲ್ಲಿಯವರೆಗೆ ಬೆಳೆದರೆ ಸಾಕು ಎಂದು ಅಂದಿನವರು ನೆಟ್ಟ ಗುರುತಿನ ಮೇಲೆ ನಿಂತು ಸುತ್ತ ನೋಡಿದರೆ ಆ ಗಡಿಯಾಚೆಯೂ ದಿಗಂತದವರೆಗೆ ಕಟ್ಟಡಗಳೇ.

ಗೋಪುರ ನೋಡಿ ಮುಗಿದ ಮೇಲೆ ಕಣ್ಣನ್ನು ಕೆಳಗಿಳಿಸಿ, ನಿಂತ ಕಲ್ಲನ್ನೇ ನೋಡಿ. ಬೇಲೂರು, ಹಳೇಬೀಡಿನ ಬಳಪದ ಕಲ್ಲನ್ನೂ ಶ್ರವಣಬೆಳಗೊಳದ ಗ್ರಾನೈಟ್ ಬಂಡೆಯನ್ನೂ ನೋಡಿ ಬೆಳೆದವರಿಗೆ ಕಲ್ಲಿನ ಬಗ್ಗೆ ಹೇಳಿಕೊಡಬೇಕಾಗಿಲ್ಲ, ಆದರೂ ಇಲ್ಲಿ ಸ್ವಲ್ಪ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಿ. ಬಿಳಿಬೂದು ಪಟ್ಟಿಯೊಂದು, ಅದರ ಪಕ್ಕ ಕಪ್ಪು ಪಟ್ಟಿಯೊಂದು, ಮತ್ತೆ ಬಿಳಿ. ಕೆಲವೆಡೆ ಬೆರಳಗಲ, ಕೆಲವೆಡೆ ಗೆರೆಯಷ್ಟು ಸಣ್ಣ. ನೇರವಾಗಿ ಹೊರಟ ಪಟ್ಟಿ ಇದ್ದಕ್ಕಿದ್ದಂತೆ ಬಳುಕಿ ಮಡಚಿಕೊಳ್ಳುತ್ತದೆ. ಬಿಳಿಯದು ಬೆಣಚು ಮತ್ತು ಫೆಲ್ಡ್‌ಸ್ಪಾರ್, ಕಪ್ಪು ಅಭ್ರಕದ ಜಾತಿಯ ಖನಿಜ. ಭೂಮಿಯ ಆಳದ ಕಾವು ಮತ್ತು ಒತ್ತಡದಲ್ಲಿ ಕಲ್ಲು ಮೆತ್ತಗಾಗಿ ಖನಿಜಗಳು ಬೇರೆಬೇರೆ ಪದರಗಳಾಗಿ ಸೇರಿಕೊಂಡದ್ದರ ಗುರುತು ಈ ಪಟ್ಟಿಗಳು. ಇದು ಗ್ನೈಸ್ ಶಿಲೆ, ವಯಸ್ಸು ಸುಮಾರು 300 ಕೋಟಿ ವರ್ಷ. ದಕ್ಷಿಣ ಭಾರತದ ತಳಪಾಯವೆಂದೇ ಹೇಳಬಹುದಾದ ಈ ಶಿಲೆಗೆ 1916ರಲ್ಲಿ ಪೆನಿನ್ಸುಲರ್ ಗ್ನೈಸ್ ಎಂದು ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ, ಫಲಕ ಅಲ್ಲಿಯೇ ಇದೆ.

ಮಕ್ಕಳು ಜೊತೆಗಿದ್ದರೆ ಇನ್ನೊಂದು ಮಾತನ್ನೂ ಹೇಳಿ. ನಮ್ಮ ಗೊರೂರಿನ ಸುತ್ತಿನ ಗ್ನೈಸ್ ಶಿಲೆ ಇದಕ್ಕಿಂತಲೂ ಹಿರಿಯದು, ಸುಮಾರು 330 ಕೋಟಿ ವರ್ಷದ್ದು. ಹೇಮಾವತಿ ಅಣೆಕಟ್ಟು ನೋಡಲು ಹೋದಾಗ ನಾವು ತುಳಿದು ನಡೆಯುವುದು ಅದನ್ನೇ. ಅಲ್ಲಿ ಟಿಕೆಟ್ಟಿಲ್ಲ, ಫಲಕವಿಲ್ಲ ಅಷ್ಟೆ.

ಗಡಿಯಾರಕ್ಕೆ ಐದು ನಿಮಿಷ, ಗಾಜಿನ ಮನೆಗೆ ಅರ್ಧ ಗಂಟೆ

ಬಂಡೆಯಿಂದ ಇಳಿದು ತೋಟದ ನಡುಭಾಗದ ಕಡೆಗೆ ಬನ್ನಿ. ಎಚ್‌ಎಂಟಿಯ ಹೂವಿನ ಗಡಿಯಾರ, ಅದರ ಸುತ್ತ ನಿಂತ ಹಿಮಗೌರಿ ಮತ್ತು ಏಳು ಕುಳ್ಳರ ಬೊಂಬೆಗಳು ಮಕ್ಕಳಿಗೆ ಸರಿ. ಕುದುರೆಯೇರಿದ ಚಾಮರಾಜೇಂದ್ರ ಒಡೆಯರ ಪ್ರತಿಮೆಯನ್ನೂ ದಾರಿಯಲ್ಲೇ ನೋಡಿಕೊಳ್ಳಿ. ಬಿದ್ದ ಮರಗಳ ಕಾಂಡದಲ್ಲಿ ಶಿಲ್ಪಿಗಳು ಕೆತ್ತಿದ ಆಕೃತಿಗಳು ಅಲ್ಲಲ್ಲಿ ಸಿಗುತ್ತವೆ, ಕೆಲವು ಬಹಳ ಚೆನ್ನಾಗಿವೆ, ಕೆಲವು ಹಾಗೇ.

ಗಾಜಿನ ಮನೆಯನ್ನು ಪ್ರದರ್ಶನವಿಲ್ಲದ ದಿನ ನೋಡಬೇಕೆನ್ನುವುದು ಇದಕ್ಕಾಗಿಯೇ: ಆಗ ಅದು ಖಾಲಿ. ಕಬ್ಬಿಣದ ಕಂಬಗಳು ಹೇಗೆ ಎದ್ದು, ಎಲ್ಲಿ ಕಮಾನಾಗಿ ಬಾಗಿ, ಯಾವ ಲೆಕ್ಕದಲ್ಲಿ ಅಷ್ಟು ಗಾಜನ್ನು ಹೊತ್ತಿವೆ ಎಂಬುದು ಅಡೆತಡೆಯಿಲ್ಲದೆ ಕಾಣುತ್ತದೆ. 1889ರ ನವೆಂಬರ್ 30ರಂದು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಇದಕ್ಕೆ ಅಡಿಗಲ್ಲಿಟ್ಟರು. ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. ಕಬ್ಬಿಣದ ಭಾಗಗಳು ಎರಕವಾದದ್ದು ಗ್ಲಾಸ್ಗೋದ ಸಾರಾಸೆನ್ ಫೌಂಡ್ರಿಯಲ್ಲಿ, ಅಲ್ಲಿಂದ ಹಡಗಿನಲ್ಲಿ ಬಂದು ಇಲ್ಲಿ ಜೋಡಣೆಯಾದವು. ಆಗ ತೋಟದ ಮೇಲ್ವಿಚಾರಕರಾಗಿದ್ದವರು ಜಾನ್ ಕ್ಯಾಮರೂನ್.

ಈ ಕ್ಯಾಮರೂನ್ ಹೆಸರು ನಮ್ಮ ಅಡುಗೆಮನೆಗೂ ಸಂಬಂಧಿಸಿದ್ದು. ಸೀಮೆಬದನೆಕಾಯಿಯನ್ನು ಲಾಲ್‌ಬಾಗ್‌ಗೆ ತರಿಸಿ ಬೆಳೆಸಿ ಇಲ್ಲಿನವರಿಗೆ ಪರಿಚಯಿಸಿದವರು ಅವರೇ. ನಾವು ಸಂತೆಯಲ್ಲಿ ಕಂಡ ಕೂಡಲೇ ಇದರ ಪಲ್ಯವೇ ಸಾಂಬಾರೇ ಎಂದು ಯೋಚಿಸುವ ಆ ಕಾಯಿ ಮೂಲದಲ್ಲಿ ಮೆಕ್ಸಿಕೊ ಕಡೆಯದು. 1760ರಲ್ಲಿ ಹೈದರಾಲಿ ಕೈಹಾಕಿ, ಮಗ ಟಿಪ್ಪು ಬೆಳೆಸಿದ ಈ ತೋಟ ಮೊದಲಿನಿಂದಲೂ ವಿಹಾರಕ್ಕಷ್ಟೇ ಇದ್ದದ್ದಲ್ಲ. ಬೇರೆ ಬೇರೆ ಸೀಮೆಗಳಿಂದ ಗಿಡ, ಬೀಜ ತರಿಸಿ, ನಮ್ಮ ಹವೆಗೆ ಒಗ್ಗುತ್ತವೆಯೇ ಎಂದು ಪರೀಕ್ಷಿಸಿ, ಒಗ್ಗಿದ್ದನ್ನು ರೈತರ ಕೈಗೆ ದಾಟಿಸುವ ಜಾಗ ಇದು. 1856ರಿಂದ ಅದು ಸರ್ಕಾರಿ ಸಸ್ಯೋದ್ಯಾನವಾಗಿ ಆ ಕೆಲಸ ಇನ್ನೂ ಗಟ್ಟಿಯಾಯಿತು. ಮುಂದೆ ತೋಟಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಎಂ.ಎಚ್. ಮರಿಗೌಡರು ಅದನ್ನು ಜಿಲ್ಲೆಜಿಲ್ಲೆಗೆ ಹಬ್ಬಿಸಿದರು. ಹಾಪ್‌ಕಾಮ್ಸ್ ಮಳಿಗೆಯಲ್ಲಿ ಹಣ್ಣು ಕೊಳ್ಳುವಾಗ ನೆನೆಯಬೇಕಾದ ಹೆಸರೂ ಅವರದೇ.

ಮರಗಳನ್ನು ಹೀಗೆ ನೋಡಿ

ಮಧ್ಯಾಹ್ನದ ಹೊತ್ತನ್ನು ಮರಗಳಿಗೆ ಇಟ್ಟುಕೊಳ್ಳಿ. ಎಲ್ಲ ಮರವನ್ನೂ ನೋಡಲು ಹೊರಟರೆ ಯಾವುದೂ ನೆನಪಿರುವುದಿಲ್ಲ. ನಾಲ್ಕಾರನ್ನು ಆರಿಸಿಕೊಳ್ಳಿ, ಬುಡದ ಹೆಸರಿನ ಫಲಕ ಓದಿ, ಒಂದು ಸುತ್ತು ಹಾಕಿ. ನಾನು ಆರಿಸುವುದಾದರೆ ಇವು.

ಮೊದಲನೆಯದು ಸಿಲ್ವರ್ ಓಕ್. ಇದನ್ನು ನೋಡಲು ಬೆಂಗಳೂರಿಗೆ ಯಾಕೆ, ನಮ್ಮ ತೋಟದಲ್ಲೇ ಸಾವಿರ ಇವೆ ಎನ್ನುತ್ತೀರಿ. ನಿಜ, ಮೂಡಿಗೆರೆಯಿಂದ ಸಕಲೇಶಪುರದವರೆಗೆ ಕಾಫಿ ಗಿಡಕ್ಕೆ ನೆರಳು, ಮೆಣಸಿನ ಬಳ್ಳಿಗೆ ಆಸರೆ ಅದೇ. ಆಸ್ಟ್ರೇಲಿಯಾ ಮೂಲದ ಈ ಮರ 19ನೇ ಶತಮಾನದಲ್ಲಿ ಲಾಲ್‌ಬಾಗ್ ಹೊರಗಿನಿಂದ ತರಿಸಿ ಬೆಳೆಸಿದವುಗಳಲ್ಲಿ ಒಂದು. ನಮ್ಮ ಕಡೆ ಇದರ ಕೊಂಬೆ ಸವರಿ ಸವರಿ ಕಂಬದ ಹಾಗೆ ಮಾಡಿಟ್ಟಿರುತ್ತೇವೆ. ಕೊಡಲಿ ತಾಗದೆ ತನ್ನಿಷ್ಟದಂತೆ ಬೆಳೆದರೆ ಅದರ ಆಕಾರ ಹೇಗಿರುತ್ತದೆ ಎಂಬುದನ್ನು ಸಸ್ಯೋದ್ಯಾನದಲ್ಲೇ ನೋಡಬೇಕು. ಬೆಳೆಗಾರರಾದವರು ಇಲ್ಲಿ ಸ್ವಲ್ಪ ಹೊತ್ತು ನಿಂತೇ ನಿಲ್ಲುತ್ತಾರೆ.

ಎರಡನೆಯದು ಕೆರೆಯ ಹತ್ತಿರದ ಬಿಳಿ ಬೂರುಗದ ಮರ. ಎರಡು ಶತಮಾನ ದಾಟಿದ್ದೆನ್ನುತ್ತಾರೆ. ಕಾಂಡ ನೆಲ ಮುಟ್ಟುವ ಮೊದಲೇ ಹಲಗೆಗಳಾಗಿ ಸೀಳಿಕೊಂಡು ಸುತ್ತಲೂ ಹರಡಿದೆ. ಹಲಗೆಯೊಂದರ ಅಂಚು ಆಳೆತ್ತರದಲ್ಲಿ ಹೊರಟು, ಇಳಿಯುತ್ತ ಬಳುಕುತ್ತ ದೂರ ಹೋಗಿ ಮಣ್ಣಿನಲ್ಲಿ ಮುಳುಗುತ್ತದೆ. ಎರಡು ಹಲಗೆಗಳ ನಡುವಿನ ಸಂದಿಯಲ್ಲಿ ದೊಡ್ಡವರೇ ನಿಂತು ಮರೆಯಾಗಬಹುದು. ಅಷ್ಟು ಎತ್ತರದ ಮರಕ್ಕೆ ಬೇರು ಆಳಕ್ಕಿಳಿದಷ್ಟೇ ಸಾಲದೆ ಬುಡದಲ್ಲಿ ಈ ಒತ್ತುಗೋಡೆಗಳು ಬೇಕಾಗುತ್ತವೆ. ತೊಗಟೆಯ ಮೇಲೆ ಹೆಸರು, ಹೃದಯ, ಬಾಣ ಕೆತ್ತಿಹೋದವರ ಗುರುತುಗಳೂ ಕಾಣುತ್ತವೆ. ಪ್ರೀತಿ ನಿಜವಾಗಿದ್ದರೆ ಚೀಟಿಯಲ್ಲಿ ಬರೆದುಕೊಡಬಹುದಿತ್ತು. ಬೇರು ಹತ್ತಿ ಫೋಟೊ ತೆಗೆಸಿಕೊಳ್ಳದಂತೆ ಮಕ್ಕಳಿಗೆ ಮೊದಲೇ ಹೇಳಿ.

ಮೂರನೆಯದು ಅರೌಕೇರಿಯಾ. ಜನ ಕ್ರಿಸ್‌ಮಸ್ ಮರವೆಂದು ಕರೆಯುವ, ನೆಟ್ಟಗೆ ಆಕಾಶಕ್ಕೇರಿದ ಮರ. ಗಾಜಿನ ಮನೆಯ ಹಳೆಯ ಚಿತ್ರಗಳಲ್ಲೆಲ್ಲ ಜೊತೆಗೆ ಕಾಣುವುದು ಇದೇ. ನಾಗಲಿಂಗದ ಮರದ ಕೆಳಗೆ ಹೋದಾಗ ಮಾತ್ರ ತಲೆಯೆತ್ತಿ ನೋಡಿಕೊಂಡು ನಿಲ್ಲಿ. ಹೂವಿನ ಘಮ ಹಿತ, ತೆಂಗಿನಕಾಯಿ ಗಾತ್ರದ ಕಾಯಿ ತಲೆಗೆ ಬಿದ್ದರೆ ಹಿತವಲ್ಲ.

ಕಲ್ಲಾದ ಮರವೊಂದೂ ಇಲ್ಲಿದೆ. ತಮಿಳುನಾಡಿನ ತಿರುವಕ್ಕರೈನಿಂದ ತಂದ ಕಾಂಡದ ಪಳೆಯುಳಿಕೆ, ವಯಸ್ಸು 2 ಕೋಟಿ ವರ್ಷ. ದೂರದಿಂದ ಒಣಗಿದ ತುಂಡು ದಿಮ್ಮಿಯಂತೆಯೇ ಇರುವುದರಿಂದ ಅರ್ಧದಷ್ಟು ಜನ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. ಕೇಳಿಕೊಂಡು ಹೋಗಿ ನೋಡಿ.

ಊಟ, ಕೆರೆ, ಆಮೇಲೆ

ಒಳಗೆ ಹಣ್ಣಿನ ರಸ, ಸಣ್ಣಪುಟ್ಟ ತಿಂಡಿ ಸಿಗುತ್ತದೆ. ಸರಿಯಾದ ಊಟಕ್ಕೆ ಹೊರಗೆ ಹೋಗಬೇಕು. ಲಾಲ್‌ಬಾಗ್ ರಸ್ತೆಯಲ್ಲಿ 1924ರಲ್ಲಿ ಶುರುವಾದ ಎಂಟಿಆರ್ ಇದೆ, ಗಾಂಧಿ ಬಜಾರಿನಲ್ಲಿ 1943ರ ವಿದ್ಯಾರ್ಥಿ ಭವನ. ಎರಡರಲ್ಲೂ ಕಾಯಬೇಕು. ಭಾನುವಾರವಾದರೆ ಕಾಯುವುದೇ ಒಂದು ಕಾರ್ಯಕ್ರಮ. ಮಕ್ಕಳು ಹಸಿವಿಗೆ ಅಳುವ ವಯಸ್ಸಿನವರಾದರೆ ಹೆಸರಿನ ಆಸೆ ಬಿಟ್ಟು ಹತ್ತಿರದ ಯಾವುದಾದರೂ ದರ್ಶಿನಿಯಲ್ಲಿ ತಿಂದು ಮುಗಿಸಿ. ಬಸವನಗುಡಿ, ಜಯನಗರದ ದರ್ಶಿನಿಗಳಲ್ಲಿ ಕೆಟ್ಟ ಇಡ್ಲಿ ಹುಡುಕುವುದೇ ಕಷ್ಟ. ಕಾಫಿಯ ವಿಷಯದಲ್ಲಿ ಮಾತ್ರ ಹಾಸನ, ಚಿಕ್ಕಮಗಳೂರಿನವರು ಸ್ವಲ್ಪ ಉದಾರರಾಗಬೇಕಾಗುತ್ತದೆ.

ಹೊರಗೆ ಹೋಗಿಬಂದರೆ ಮತ್ತೆ ಟಿಕೆಟ್ ಕೊಳ್ಳಬೇಕಾಗಬಹುದು. ಅದಕ್ಕಾಗಿ ಊಟವನ್ನು ಕೊನೆಗೆ ತಳ್ಳಿ, ಎರಡು ಗಂಟೆಯವರೆಗೆ ಹಣ್ಣಿನ ಮೇಲೆ ಕಾಲ ಹಾಕುವುದೂ ಒಂದು ದಾರಿ.

ಕೆರೆಯ ಏರಿಯನ್ನು ಬಿಸಿಲು ಇಳಿದ ಮೇಲೆ ನಡೆಯಿರಿ. ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿರುತ್ತವೆ, ಬಕಗಳು ಅಂಚಿನಲ್ಲಿ ಕಾಯುತ್ತಿರುತ್ತವೆ, ಹೆಜ್ಜಾರ್ಲೆ ಕಂಡರೂ ಕಾಣಬಹುದು. ಬೈನಾಕ್ಯುಲರ್ ಇದ್ದವರು ತನ್ನಿ. ಮೀನಿಗೆ ಮಂಡಕ್ಕಿ ಎರಚುವವರನ್ನು ನೋಡಿ ನೀವೂ ಶುರುಮಾಡಬೇಡಿ.

ಹೊರಡುವಾಗ ಗಿಡ ಕೊಳ್ಳುವವರಿಗೆ

ತೋಟದಲ್ಲಿ ನರ್ಸರಿಯವರ ಸಹಕಾರ ಸಂಘದ ಮಾರಾಟ ಕೇಂದ್ರವಿದೆ, ಬೀಜ, ಸಸಿ, ಕುಂಡ ಸಿಗುತ್ತವೆ. ಆಸೆಗೆ ಬಿದ್ದು ಹತ್ತು ಸಸಿ ಹೊತ್ತುಕೊಂಡರೆ ಮೆಟ್ರೊದಲ್ಲಿ ನಿಲ್ಲುವುದೂ ಕಷ್ಟ. ಬೀಜದ ಪೊಟ್ಟಣ ಕೊಳ್ಳಿ, ಹೆಚ್ಚೆಂದರೆ ಎರಡು ಸಸಿ. ಸಸಿ ಆರಿಸುವಾಗ ಹೂ ಬಿಟ್ಟಿದ್ದನ್ನು ಬಿಟ್ಟು ಮೊಗ್ಗಿಲ್ಲದ, ಕಾಂಡ ಗಟ್ಟಿಯಾದದ್ದನ್ನು ಆರಿಸಿ. ಹೂ ಬಿಟ್ಟದ್ದು ನಾಲ್ಕು ಗಂಟೆ ಬಸ್ಸಿನಲ್ಲಿ ಅಲುಗಾಡಿ ಚನ್ನರಾಯಪಟ್ಟಣದ ಹೊತ್ತಿಗೆ ಬರಿ ತೊಟ್ಟಾಗಿರುತ್ತದೆ. ಕೊಳ್ಳುವಾಗ ನೀರು ಹಾಕಿಸಬೇಡಿ, ಬೇರಿನ ಮಣ್ಣು ಒದ್ದೆ ಗೋಣಿಯಲ್ಲಿ ಸುತ್ತಿದರೆ ಮನೆಯವರೆಗೆ ಸಾಕು. ಹಣ್ಣಿನ ಕಸಿಗಿಡವಾದರೆ ಕಸಿಯ ಗಂಟು ನೆಟ್ಟಗೆ ಕೂಡಿದೆಯೇ ಎಂದು ಬೆರಳಿನಲ್ಲಿ ಒತ್ತಿ ನೋಡಿ.

ವಾಪಸಾಗುವಾಗಲೂ ಮೆಜೆಸ್ಟಿಕ್‌ಗೆ ಹೋಗಬೇಕಾಗಿಲ್ಲ, ಮುಂಗಡ ಟಿಕೆಟ್ ಮಾಡುವಾಗ ಹತ್ತುವ ಜಾಗ ಗೊರಗುಂಟೆಪಾಳ್ಯ ಎಂದು ಆರಿಸಬಹುದೇ ನೋಡಿ. ಶನಿವಾರ ಸಂಜೆ ಮತ್ತು ಹಬ್ಬದ ಹಿಂದಿನ ದಿನ ಮಾತ್ರ ಈ ಉಪಾಯ ನಡೆಯದು, ಸೀಟು ಕಾಯ್ದಿರಿಸದಿದ್ದರೆ ಬಸ್ಸು ಮೆಜೆಸ್ಟಿಕ್‌ನಲ್ಲೇ ತುಂಬಿಕೊಂಡು ಬರುತ್ತದೆ. ಅಂಥ ದಿನ ಮೆಟ್ರೊದಿಂದ ಮೆಜೆಸ್ಟಿಕ್‌ನಲ್ಲೇ ಇಳಿದು ಅಲ್ಲಿಯೇ ಬಸ್ಸು ಹತ್ತಿ, ಸಸಿಗಳನ್ನು ಡಿಕ್ಕಿಗೆ ಹಾಕದೆ ಕಾಲ ಹತ್ತಿರ ಇಟ್ಟುಕೊಳ್ಳಿ.